ಹೋರಿ ಯಾರದೋ, ಮೀಸೆ ಇವನದು

ಬಲಿಪಾಡ್ಯಮಿ ಕಳೆದ ಮೇಲೆ ಶಿರಾಳಕೊಪ್ಪದ ಯಾವ ಚಹಾದಂಗಡಿಗೆ ಹೋದರೂ ಒಬ್ಬ ಹೋರಿ ಅಭಿಮಾನಿ ಸಿಕ್ಕೇ ಸಿಗುತ್ತಾನೆ. ಎದೆಯ ಮೇಲೆ ಹೋರಿಯ ಚಿತ್ರದ ಟೀ ಶರ್ಟು, ಬೈಕಿನ ಹಿಂದೆ ಹೋರಿಯ ಹೆಸರು, ಮೊಬೈಲ್ ತೆರೆದರೆ ಹೋರಿಯ ಮುಖ. ಹೆಂಡತಿಯ ಫೋಟೊ ಎಲ್ಲೋ ಕೆಳಗಿದೆ, ಹುಡುಕಬೇಕು.

“ನಮ್ ಹೋರಿ ನಿನ್ನೆ ಹೆಂಗ್ ಓಡ್ತು ಗೊತ್ತೇನಣ್ಣ?”

ನಮ್ ಹೋರಿ ಎಂದರೆ ಇವನದಲ್ಲ. ಇವನ ಕೊಟ್ಟಿಗೆಯಲ್ಲಿರುವುದು ಕೆಟ್ಟು ನಿಂತ ಟಿಲ್ಲರ್. ಹೋರಿ ಪಕ್ಕದೂರಿನ ಯಜಮಾನರದು. ಹುರುಳಿ, ಹತ್ತಿಕಾಳಿನ ಖರ್ಚು ಅವರದು, ಹೆಮ್ಮೆ ಮಾತ್ರ ಇವನದು. ಕೊರಳ ತುಂಬ ಕೊಬ್ಬರಿ ಹಾರ, ಮೈತುಂಬ ಜೂಲ, ಬಲೂನು ಕಟ್ಟಿಕೊಂಡ ಹೋರಿ ಜನರ ನಡುವೆ ನುಗ್ಗಿ, ಹಿಡಿಯುವವರ ಕೈಗೆ ಸಿಗದೆ ದಾಟಿದರೆ ಗೆದ್ದಂತೆ. ಅಷ್ಟಕ್ಕೆ ಕೆಲವೇ ಸೆಕೆಂಡು ಸಾಕು. ಇವನ ವರ್ಣನೆಗೆ ಎರಡು ಚಹಾ, ಒಂದು ಮಿರ್ಚಿ ಬೇಕು.

ನಗಬೇಡಿ. ಅಮೆರಿಕದ ಫುಟ್‌ಬಾಲ್ ಪಂದ್ಯ ಮೂರು ಗಂಟೆ ಎಳೆದರೂ ಆಟ ನಿಜವಾಗಿ ನಡೆಯುವುದು ಸುಮಾರು 11 ನಿಮಿಷ. ಉಳಿದದ್ದೆಲ್ಲ ನಿಲ್ಲುವುದು, ಗುಂಪುಗೂಡುವುದು, ಮಾತು, ಜಾಹೀರಾತು. ಇನ್ನು ‘ನಮ್ದು’ ಎನ್ನುವ ಹೆಮ್ಮೆ ಅಲ್ಲೂ ಉಂಟು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಲಕ್ಷ ಜನರ ಆಸುಪಾಸಿನ ಊರು. 1919ರಲ್ಲಿ ಹುಟ್ಟಿದ ಅಲ್ಲಿನ ಪ್ಯಾಕರ್ಸ್ ಫುಟ್‌ಬಾಲ್ ತಂಡಕ್ಕೆ ಒಬ್ಬ ಧಣಿಯೆಂಬುವನಿಲ್ಲ, ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಲಾಭಾಂಶ ನಯಾಪೈಸೆ ಬರುವುದಿಲ್ಲ. ಗೋಡೆಗೆ ತೂಗುಹಾಕಲು ಒಂದು ಕಾಗದ, ‘ನಮ್ಮ ತಂಡ’ ಎನ್ನುವ ಹಕ್ಕು, ಇಷ್ಟೇ. ತಲೆಯ ಮೇಲೆ ಚೀಸ್ ತುಂಡಿನ ಆಕಾರದ ಟೋಪಿ ಬೇರೆ. ಇದನ್ನು ಕೇಳಿ ನಮ್ಮವನು ಬೆರಗಾದ: “ದುಡ್ಡು ಕೊಟ್ಟು ನಮ್ದು ಅಂತಾರಾ? ನಾನು ಪುಕ್ಕಟೆ ಅಂತೀನಲ್ಲಣ್ಣ!”

ಜಗಳವಿಲ್ಲದ ಅಖಾಡವಿಲ್ಲ. ಎದುರು ಪಾಳೆಯದವರು ವಿಡಿಯೊ ನಿಲ್ಲಿಸಿ, “ಇಲ್ಲಿ ಹಿಡಿದ್ರು ನೋಡು” ಎಂದರೆ ಇವನು ಕನ್ನಡಕ ಹಾಕಿಕೊಂಡು, “ಅದು ಕೈ ತಾಗಿದ್ದು, ಹಿಡಿದಿದ್ದಲ್ಲ” ಎಂದು ತೀರ್ಪು ಕೊಡುತ್ತಾನೆ. ಮೇಲ್ಮನವಿಗೆ ಅವಕಾಶವಿಲ್ಲ.

ಒಂದು ವಿಷಯಕ್ಕೆ ಮಾತ್ರ ಮೆತ್ತಗಾಗುತ್ತಾನೆ. 2022ರ ದೀಪಾವಳಿಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತರು. ಆ ಮಾತು ಬಂದರೆ ಸುಮ್ಮನೆ ಲೋಟ ನೋಡುತ್ತಾನೆ. ಸ್ವಲ್ಪ ಹೊತ್ತಿಗೆ ಸೊರಬ, ಶಿಕಾರಿಪುರ ಸೀಮೆಯ ವೀರಗಲ್ಲುಗಳನ್ನು ನೆನಪಿಸಿಕೊಂಡು, ತುರುಗಾಳಗದಲ್ಲಿ ಸತ್ತವರ ನೆಲ ಇದು ಎನ್ನುತ್ತಾನೆ. ಆ ವೀರರು ದನ ಬಿಡಿಸಲು ಹೋಗಿದ್ದರು, ಬಹುಮಾನದ ಬೈಕಿಗಲ್ಲ ಎಂದು ತಿದ್ದುವ ಧೈರ್ಯ ಚಹಾದಂಗಡಿಯಲ್ಲಿ ಯಾರಿಗೂ ಇಲ್ಲ.

ಈ ವರ್ಷ ಅವನಿಗೇ ಒಂದು ಪರಾಕ್ರಮ ಒದಗಿತು. ಎದುರಾಳಿ ಹೋರಿಯ ಹಾರದಿಂದ ಉದುರಿದ ಒಂದು ಕೊಬ್ಬರಿ ಗಿಟುಕು ಕಾಲಬುಡಕ್ಕೆ ಬಂತು. ಮೂರನೆಯ ದಿನಕ್ಕೆ ಅದು ‘ಕಿತ್ತುಕೊಂಡದ್ದು’ ಆಯಿತು. ಶೋಕೇಸಿನಲ್ಲಿಟ್ಟ. ವಾರದ ನಂತರ ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಎರಡನೇ ಸಲ ಚಟ್ನಿಪುಡಿ ಹಾಕಿಸಿಕೊಂಡು, “ಇವತ್ತು ಭಾರೀ ರುಚಿ ಆಗೇತಲ್ಲ?” ಎಂದ.

ಹೆಂಡತಿ ಶೋಕೇಸಿನ ಕಡೆ ನೋಡಲಿಲ್ಲ.