ಕೀಲಿ ಇಲ್ಲದ ರೂಮು, ಕೀಲಿ ಹಿಡಿದ ಕಾಕಾ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ದೊಡ್ಡ ಮನೆತನವೊಂದು ಊರು ಬಿಟ್ಟು ಹೊರಟಿತೆಂದರೆ ಕೆಲಸಗಳು ತಾವೇ ಹಂಚಿಹೋಗುತ್ತವೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟುವುದು ಹೆಂಗಸರ ಪಾಲು. ಕ್ರೂಸರ್ ಗಾಡಿಯವನ ಜೊತೆ ಚೌಕಾಶಿ ಹಿರಿಯ ಅಳಿಯನದು. ಯಾರೂ ಕೇಳದಿದ್ದರೂ ದಾರಿ ಹೇಳುವವರು ನಾಲ್ಕು ಜನ ಇದ್ದೇ ಇರುತ್ತಾರೆ. ಬ್ಯಾಗು ಕಾಯುವ ಕೆಲಸ ಮನೆಯಲ್ಲಿ ಬರೆಯುವವನೊಬ್ಬ ಇದ್ದರೆ ಅವನಿಗೆ ಬರುತ್ತದೆ. ಅವನಿಗೆ ಬೇರೆ ಉದ್ಯೋಗವಿಲ್ಲ ಎಂಬ ವಿಷಯದಲ್ಲಿ ಮನೆತನದೊಳಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ರೂಮು ನೋಡುವ ಕೆಲಸ ಮಾತ್ರ ಒಬ್ಬರಿಗೇ ಮೀಸಲು. ಅವರನ್ನು ಯಾರೂ ನೇಮಿಸಿರುವುದಿಲ್ಲ, ಹಾಗಾಗಿ ಯಾರಿಂದಲೂ ತೆಗೆದುಹಾಕಲು ಆಗುವುದಿಲ್ಲ. ಅವರೇ ರೂಮಿನ ಕಾಕಾ.

ಈ ಕಾಕಾಗಳೆಲ್ಲ ಒಂದೇ ಅಚ್ಚಿನವರಲ್ಲ. ಹುಕ್ಕೇರಿ ಕಡೆಯವರು ಕೌಂಟರಿನಲ್ಲೇ ದರ ಇಳಿಸಲು ನೋಡುತ್ತಾರೆ. 2018ರಲ್ಲಿ ತಾಲ್ಲೂಕಾದ ಮೂಡಲಗಿಯವರು, ತಾಲ್ಲೂಕಿನವರು ಎಂಬ ಗತ್ತಿನಲ್ಲಿ ಮೊದಲು ಚಹಾ ತರಿಸಿಕೊಳ್ಳುತ್ತಾರೆ. ಗೋಕಾಕದವರು ಅರ್ಧ ಕಿಲೋ ಕರದಂಟಿನ ಪೊಟ್ಟಣವನ್ನು ಮ್ಯಾನೇಜರನ ಮುಂದಿಟ್ಟು, "ನಮ್ಮೂರಿಂದು, ತಗೋರಿ" ಎಂದು ಮಾತು ಶುರುಮಾಡುತ್ತಾರೆ. ಇಲ್ಲಿ ಹೇಳಹೊರಟದ್ದು ಈ ಮೂರನೆಯ ಜಾತಿಯ ಒಂದು ನಮೂನೆಯನ್ನು. ನೀರಾವರಿ ಇಲಾಖೆಯಲ್ಲಿ ಘಟಪ್ರಭಾ ಕಾಲುವೆ ಅಳೆಯುತ್ತ ನೌಕರಿ ಮುಗಿಸಿದವರು. ಇಲಾಖೆ ಬಿಟ್ಟರೂ ಟೇಪು ಬಿಟ್ಟಿಲ್ಲ.

ಪ್ರವಾಸದ ಚೀಲದಲ್ಲಿ ಟೇಪಿನ ಜೊತೆ ಒಂದು ಬ್ಯಾಟರಿ, ಒಂದು ಚಾದರ, ಎಲ್ಲಕ್ಕಿಂತ ಮುಖ್ಯವಾಗಿ ಅಂಗೈ ಅಗಲದ ಒಂದು ಕೀಲಿ. ಲಾಡ್ಜಿನವರು ಕೊಡುವ ಕೀಲಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. "ಎರಡನೇ ಕೀಲಿಕೈ ಯಾರ ಕಿಸೆದಾಗ ಐತೋ ಯಾರಿಗೆ ಗೊತ್ತು?" ಚಿಲಕಕ್ಕೆ ಸ್ವಂತ ಕೀಲಿ ಹಾಕಲು ಬರುವ ಹಳೆಯ ಲಾಡ್ಜುಗಳೇ ಅವರ ಪ್ರಕಾರ ಲಾಡ್ಜು, ಕಾರ್ಡು ಸವರಿದರೆ ತೆರೆಯುವ ಬಾಗಿಲು ಬಾಗಿಲೇ ಅಲ್ಲ.

ರೂಮಿನ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ನಲ್ಲಿ, ಆಮೇಲೆ ಫ್ಲಶ್, ಆಮೇಲೆ ಫ್ಯಾನು. ಫ್ಯಾನಿನ ಗುಂಡಿಯನ್ನು ಒಂದರಿಂದ ಐದರವರೆಗೆ ತಿರುಗಿಸಿ ಮತ್ತೆ ಒಂದಕ್ಕೆ ತರುತ್ತಾರೆ. ದಿಂಬನ್ನು ಮೂಗಿಗೆ ಹಿಡಿಯುತ್ತಾರೆ. ಬಿಸಿನೀರು ಎಷ್ಟರಿಂದ ಎಷ್ಟರತನಕ ಎಂದು ಮ್ಯಾನೇಜರನನ್ನು ಒಮ್ಮೆ, ಕಸ ಹೊಡೆಯುವ ಹುಡುಗನನ್ನು ಒಮ್ಮೆ ಕೇಳಿ ಎರಡೂ ಉತ್ತರಗಳನ್ನು ತಾಳೆ ನೋಡುತ್ತಾರೆ. ಕೊನೆಗೆ ಚಪ್ಪಲಿ ಬಿಟ್ಟು, ಹಾಸಿಗೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಾರೆ. ಈ ಹಂತದಲ್ಲಿ ಹೊಸ ಮ್ಯಾನೇಜರುಗಳು ಗಾಬರಿಯಾಗಿ ನೀರು ತಂದದ್ದುಂಟು. "ರೂಮ್ ನೋಡಲಾರದ ರೊಕ್ಕಾ ಕೊಡೂದಂದ್ರ ಹಲ್ಲ ನೋಡಲಾರದ ಎತ್ತ ತಗೊಂಡಂಗ" ಎಂಬುದು ಕಾಕಾರ ಸಿದ್ಧಾಂತ.

ಕೊಲ್ಹಾಪುರದ ಪ್ರಸಂಗವನ್ನು ಹೇಳದೆ ಮುಂದೆ ಹೋಗುವುದು ಈ ಬರಹಗಾರನಿಗೆ ಸಾಧ್ಯವಿಲ್ಲ. ಸಂಕೇಶ್ವರ ದಾಟಿ ಹೆದ್ದಾರಿ ಹಿಡಿದರೆ ಕೊಲ್ಹಾಪುರ ದೂರವೇನಲ್ಲ. ಮಹಾಲಕ್ಷ್ಮಿಯ ದರ್ಶನ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಆದರೆ ಆ ಸಲ ಕಾಕಾರ ಹೆಂಡತಿ, ಅಂದರೆ ನಮ್ಮ ಕಾಕು, ಬೆಳಗಿನ ಕಾಕಡಾರತಿ ನೋಡಬೇಕೆಂದರು. ಅಂದರೆ ವಸ್ತಿ. ಅಂದರೆ ರೂಮು. ಗುಡಿಯ ಹತ್ತಿರದ ಓಣಿಯಲ್ಲಿ ಕ್ರೂಸರ್ ನಿಂತಿತು, ಕಾಕಾ ಇಳಿದರು. ಮೊದಲನೆಯ ಲಾಡ್ಜಿನಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಎರಡನೆಯದು ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು, ಆ ಕಾರಣಕ್ಕೇ ಕಾಕಾಗೆ ಅನುಮಾನ ಬಂತು: ಇದೇ ಇಷ್ಟು ಚಲೋ ಇದ್ದರೆ ಮುಂದಿನದು ಇನ್ನೂ ಚಲೋ ಇರಬೇಕು. ಮೂರನೆಯದಕ್ಕೆ ಲಿಫ್ಟ್ ಇರಲಿಲ್ಲ. ನಾಲ್ಕನೆಯದರಲ್ಲಿ ದಿಂಬು ಸೋತಿತು. ಗಾಡಿಯೊಳಗೆ ಮಕ್ಕಳು ಎರಡನೇ ಸಲ ಭೇಲ್ ತಿಂದು, ನೀರು ಕೇಳಿ, ಅತ್ತು ಮಲಗಿದ್ದವು. ಕಾಕಾ ಎರಡನೆಯದಕ್ಕೆ ಮರಳಿದಾಗ ಅದನ್ನು ಸಾಂಗಲಿಯ ಲಗ್ನದ ಜನ ತುಂಬಿಕೊಂಡಿದ್ದರು. ಮೊದಲನೆಯದಕ್ಕೆ ಬಂದರೆ ಮ್ಯಾನೇಜರ್ ದರ ಏರಿಸಿದ್ದ. "ಆ ಗ್ವಾಡಿ ನೋಡಾಕ ಇಷ್ಟ ರೊಕ್ಕಾ?" ಎಂದು ಕಾಕಾ ಸಿಟ್ಟಿನಿಂದ ಹೊರಬಿದ್ದರು. ಕರದಂಟಿನ ಪೊಟ್ಟಣ ಮಾತ್ರ ಅಲ್ಲೇ ಉಳಿಯಿತು.

ಇಡೀ ಕುಟುಂಬ ಕ್ರೂಸರಿನಲ್ಲೇ ಕುಳಿತು ತೂಕಡಿಸಿತು. ನಸುಕಿನಲ್ಲಿ ಎಲ್ಲರೂ ಸಾಲಿನ ಮುಂದೆ ಇದ್ದರು, ಆರತಿ ಕಣ್ತುಂಬ ಆಯಿತು, ಕಾಕು ಸಂತೋಷಪಟ್ಟರು. ಕಾಕಾ ಇದನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಂಡರು. "ರೂಮ್ ತಗೊಂಡಿದ್ರ ನೀವು ಇಷ್ಟ ಲಗೂ ಏಳತಿದ್ರೇನ?" ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಕುತ್ತಿಗೆಯ ನೋವು ಮಾತ್ರ ಬ್ಯಾಗು ಕಾಯುವವನಿಗೆ ವಾರದವರೆಗೆ ಇತ್ತು.

ಇಂಥ ಕಾಕಾರ ಕಿವಿಗೆ ಜಪಾನಿನ ಕ್ಯಾಪ್ಸೂಲ್ ಹೋಟೆಲಿನ, ಅಂದರೆ ಒಂದರ ಮೇಲೊಂದು ಜೋಡಿಸಿದ, ಒಬ್ಬರೇ ಮಲಗುವ ಡಬ್ಬಿಗಳ ಹೋಟೆಲಿನ ಸುದ್ದಿ ಬೀಳಬಾರದಿತ್ತು. ಮೂಡಲಗಿಯ ಬೀಗರ ಮನೆಯ ಹುಡುಗ ಕಂಪನಿಯ ತರಬೇತಿಗೆ ಟೋಕಿಯೋಗೆ ಹೋದ. ಅಲ್ಲಿ ಇರಲು ಕಂಪನಿಯದೇ ವ್ಯವಸ್ಥೆ. ರಜೆಯಲ್ಲಿ ಓಸಾಕಾ ನೋಡಿ ಬರಲು ಸ್ವಂತ ಖರ್ಚು. ಹೋಟೆಲು ದುಬಾರಿ, ಕ್ಯಾಪ್ಸೂಲ್ ಅಗ್ಗ. ಯಾವುದನ್ನು ಹಿಡಿಯಲಿ ಎಂದು ಅವನು ಮನೆತನದ ವಾಟ್ಸಾಪ್ ಗುಂಪಿನಲ್ಲಿ ಸುಮ್ಮನೆ ಕೇಳಿದ. ಸುಮ್ಮನೆ ಕೇಳುವ ಪ್ರಶ್ನೆಗಳನ್ನು ಕಾಕಾ ಸುಮ್ಮನೆ ಬಿಡುವವರಲ್ಲ.

"ಉದ್ದ ಎಷ್ಟು?" ಎಂಬುದು ಮೊದಲ ಪ್ರಶ್ನೆ. ಸುಮಾರು 2 ಮೀಟರ್ ಉದ್ದ, 1 ಮೀಟರ್ ಅಗಲ, ಎತ್ತರ 1 ಮೀಟರಿಗಿಂತ ತುಸು ಹೆಚ್ಚು ಎಂದು ಅತ್ತಲಿಂದ ಉತ್ತರ ಬಂತು. ಕಾಕಾ ಟೇಪು ತೆಗೆದರು. ಗೋಕಾಕದ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಓಸಾಕಾದ ಕ್ಯಾಪ್ಸೂಲ್ ಎದ್ದಿತು. ಅದರೊಳಗೆ ಕಾಕಾ ಅಂಗಾತ ಮಲಗಿದರು. ಮೇಲ್ಛಾವಣಿ ಬೇಕಲ್ಲ, ಅದಕ್ಕೆ ಕಾಕು ಒಂದು ಕಡೆ, ಈ ಬರಹಗಾರ ಇನ್ನೊಂದು ಕಡೆ ನಿಂತು ಸೊಂಟದ ಎತ್ತರಕ್ಕೆ ಧೋತರ ಹಿಡಿದರು. ಕಾಕಾ ಎದ್ದು ಕುಳಿತರು. ಟೊಪಗಿ ಧೋತರಕ್ಕೆ ತಾಗಿತು. ಟೊಪಗಿ ತೆಗೆದು ಮತ್ತೆ ಕುಳಿತರು. ಪಾಸು. ಬಲಕ್ಕೆ ಹೊರಳಿದರು, ಎಡಕ್ಕೆ ಹೊರಳಿದರು, ಗೆರೆ ದಾಟಲಿಲ್ಲ. ಅಷ್ಟರಲ್ಲಿ ಹಾಲು ಹಾಕಲು ಬಂದವನು ಬಾಗಿಲಲ್ಲೇ ನಿಂತು, ಸುಣ್ಣದ ಗೆರೆ, ಮಲಗಿದ ಯಜಮಾನರು, ಮೇಲೆ ಬಿಳಿ ಧೋತರ ಎಲ್ಲವನ್ನೂ ನೋಡಿ ಚೊಂಬು ಕೆಳಗಿಟ್ಟು ಕೈಮುಗಿದ. ಕಾಕು ನಗು ತಡೆಯಲಾರದೆ ಧೋತರ ಬಿಟ್ಟರು.

ಪರೀಕ್ಷೆ ನಿಂತದ್ದು ಬಾಗಿಲಿನ ಹತ್ತಿರ. ಕ್ಯಾಪ್ಸೂಲಿನ ಬಾಯಿಗೆ ಸಾಮಾನ್ಯವಾಗಿ ಪರದೆ ಮಾತ್ರ, ಕೀಲಿ ಇರುವುದಿಲ್ಲ. ಜಪಾನಿನ ಕಾಯ್ದೆ ಇದನ್ನು ಹೋಟೆಲಿನ ಕೋಣೆ ಎಂದು ಎಣಿಸದೆ, ಹಲವರು ಜಾಗ ಹಂಚಿಕೊಳ್ಳುವ ಸಾದಾ ವಸತಿಯ ವರ್ಗಕ್ಕೆ ಸೇರಿಸಿದೆ. ಬೂಟು ಬಾಗಿಲಲ್ಲೇ ಬೂಟಿನ ಗೂಡಿಗೆ, ಬಟ್ಟೆಬರೆ ಬೇರೆ ಲಾಕರಿಗೆ, ದೊಡ್ಡ ಸೂಟ್‌ಕೇಸು ಕೌಂಟರಿನವರ ವಶಕ್ಕೆ. ಒಳಗೆ ಹೋಗುವುದು ಮನುಷ್ಯ ಒಬ್ಬನೇ. "ಹಂಗಾದ್ರ ಸಾಮಾನಿಗೆ ಕೀಲಿ ಐತಿ, ಮನಷ್ಯಾಗ ಇಲ್ಲ!" ಕಾಕಾ ತಮ್ಮ ಕೀಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತರು.

ಹಗಲಿನ ವಿಷಯವೂ ಅವರಿಗೆ ಹಿಡಿಸಲಿಲ್ಲ. ಹಲವು ಕಡೆ ಬೆಳಿಗ್ಗೆ 10ಕ್ಕೆ ಜಾಗ ಖಾಲಿ ಮಾಡಬೇಕು. ಮರುರಾತ್ರಿಯೂ ಅಲ್ಲೇ ಉಳಿಯುವವರು ಸಹ ಹಗಲು ಹೊರಗಿದ್ದು ಸಂಜೆ ಬರಬೇಕು. "ರೊಕ್ಕಾ ಕೊಟ್ಟ ಓಣ್ಯಾಗ ನಿಲ್ಲೂದ?" ಎಂದರು. ಓಣಿಯಲ್ಲಿ ನಿಂತು ಅಭ್ಯಾಸವಿರುವ ಕುಟುಂಬ ಮೌನವಾಗಿತ್ತು. ಸ್ನಾನದ ಮನೆ ಹಲವು ಕಡೆ ಗಂಡಸರಿಗೆಲ್ಲ ಸೇರಿ ಒಂದೇ, ಬಟ್ಟೆಯಿಲ್ಲದೆ ಇಳಿಯಬೇಕು ಎಂದಾಗ ಅವರು ಅಂಜಲಿಲ್ಲ. ಘಟಪ್ರಭಾ ಹೊಳೆಯಲ್ಲಿ ಈಜು ಕಲಿತವರು. ಅಲ್ಲಿನ ಅನೇಕ ಸ್ನಾನಗೃಹಗಳು ಮೈಮೇಲೆ ಹಚ್ಚೆ ಇದ್ದವರನ್ನು ಬಿಡುವುದಿಲ್ಲ ಎಂದಾಗ ಮಾತ್ರ ಕೆರಳಿದರು. ಹುಡುಗನ ತೋಳಿನ ಮೇಲೆ ಅವ್ವನ ಹೆಸರಿದೆ. "ನಿಮ್ಮ ಆಯಿ ಮೊಳಕೈತನಕ ಹಚ್ಚಿ ಹಾಕಿಸ್ಕೊಂಡಿದ್ಲು. ಆಕಿ ಹ್ವಾದ್ರೂ ಹೊರಗ ನಿಲ್ಲಸ್ತಾರೇನ?"

ಕ್ಯಾಪ್ಸೂಲ್ ಹೋಟೆಲು ಮೊದಲು ತೆರೆದದ್ದು ಈ ಓಸಾಕಾದಲ್ಲೇ, ಉಮೆದಾ ಪ್ರದೇಶದಲ್ಲಿ, 1979ರಲ್ಲಿ. ವಿನ್ಯಾಸ ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿಯದು. ಅದಕ್ಕೂ ಮೊದಲು, 1972ರಲ್ಲಿ, ಅವರು ಟೋಕಿಯೋದ ಗಿಂಜಾ ಬಳಿ 140 ಡಬ್ಬಿಕೋಣೆಗಳ ನಕಾಗಿನ್ ಗೋಪುರ ಕಟ್ಟಿದ್ದರು. ಅದನ್ನು 2022ರಲ್ಲಿ ಬಿಚ್ಚಿ ಇಳಿಸಿದರು. ಕ್ಯಾಪ್ಸೂಲಿಗೆ ಮೊದಮೊದಲು ಗಿರಾಕಿಗಳಾದವರು ಮಧ್ಯರಾತ್ರಿಯ ಕೊನೆಯ ರೈಲು ತಪ್ಪಿಸಿಕೊಂಡ ಆಫೀಸು ನೌಕರರು. ಇದು ಕಾಕಾಗೆ ಕೂಡಲೇ ಮನಸ್ಸಿಗೆ ಬಂತು. ಕೊನೆಯ ಬಸ್ಸು ತಪ್ಪಿ ಸಂಕೇಶ್ವರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಹಿಡಕಲ್ ಡ್ಯಾಮಿನ ಕಾಗದಪತ್ರಗಳನ್ನು ತಲೆದಿಂಬು ಮಾಡಿಕೊಂಡು ಮಲಗಿದ ನೌಕರ ಅವರೂ ಹೌದು. ಅವತ್ತು ದಿಂಬಿನ ವಾಸನೆ ನೋಡಿದ್ದರೇ ಎಂದು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಇದೇ ಕಾಕಾ ಗೋಕಾಕದಿಂದ ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ ಹೋಗುತ್ತಾರೆ. ಅದರ ಬರ್ತು ಜಪಾನಿನ ಕ್ಯಾಪ್ಸೂಲಿಗಿಂತ ಚಿಕ್ಕದು. ಅದಕ್ಕೂ ಕೀಲಿಯಿಲ್ಲ, ಪರದೆಯೇ. ಸಾಲದ್ದಕ್ಕೆ ಅದು ರಾತ್ರಿಯಿಡೀ ಓಡುತ್ತದೆ, ಡಾಬಾದ ಹತ್ತಿರ ನಿಲ್ಲಿಸಿ ಎಬ್ಬಿಸುತ್ತದೆ. ನಮ್ಮ ಜಿಲ್ಲೆಯ ಸಾವಿರಾರು ಹುಡುಗರು ಹಬ್ಬಕ್ಕೆ ಊರಿಗೆ ಬಂದುಹೋಗುವುದು ಹೀಗೆಯೇ. ಕ್ಯಾಪ್ಸೂಲ್ ನಮಗೆ ಹೊಸದಲ್ಲ; ಗಾಲಿ ಇಲ್ಲದ ಕ್ಯಾಪ್ಸೂಲ್ ಹೊಸದು. ಇದನ್ನು ಹೇಳಿದರೆ ಕಾಕಾ, "ಬಸ್ ಬ್ಯಾರೆ, ಬಸ್ಸಿನ್ಯಾಗ ಗಾಲಿ ಮ್ಯಾಲಿನ ಬರ್ತ್ ಬ್ಯಾಡಂತ ಮೊದಲ ನೋಡಿ ಹಿಡೀತೇನಿ" ಎಂದರು. ನೋಡಿದರೆ ಮುಗಿಯಿತು ಎಂಬುದೇ ಅವರ ಧರ್ಮ.

ಕ್ಯಾಪ್ಸೂಲ್ ನೋಡಲಿಕ್ಕೆಂದೇ ಅವರು ಮುಂಬೈಯಲ್ಲಿ ಒಮ್ಮೆ ದಾರಿ ಬಿಟ್ಟು ಹೊರಟರು. ಅಲ್ಲಿ ಅಂಧೇರಿಯಲ್ಲಿ 2017ರಲ್ಲೇ ಇಂಥದೊಂದು ಹೋಟೆಲು ಶುರುವಾಗಿತ್ತು. 2021ರ ನವೆಂಬರಿನಲ್ಲಿ ರೈಲ್ವೆಯ ಐಆರ್‌ಸಿಟಿಸಿ ಮುಂಬೈ ಸೆಂಟ್ರಲ್ ನಿಲ್ದಾಣದಲ್ಲಿ 48 ಕ್ಯಾಪ್ಸೂಲುಗಳ ವಸತಿ ತೆರೆಯಿತು. ಹೆಂಗಸರಿಗೆ ಬೇರೆ ವಿಭಾಗ, ಶುರುವಿನ ದರ 12 ತಾಸಿಗೆ 999 ರೂಪಾಯಿ, 24 ತಾಸಿಗೆ 1999. ಮದುವೆಗೆಂದು ಮುಂಬೈಗೆ ಹೋದ ಕಾಕಾ ದಾದರಿನಲ್ಲಿ ಇಳಿದವರು, ಮದುವೆಯ ಮನೆ ಡೊಂಬಿವಲಿಯಲ್ಲಿದ್ದರೂ, ಲೋಕಲ್ ಹಿಡಿದು ಮುಂಬೈ ಸೆಂಟ್ರಲ್‌ಗೆ ಹೋದರು. ಒಳಗೆ ಇಣುಕಿದರು, ಮೆತ್ತೆ ಒತ್ತಿದರು, ದೀಪದ ಗುಂಡಿ ಹಾಕಿ ತೆಗೆದರು. ಅಲ್ಲೇ ನಿಂತು ಲೆಕ್ಕ ಮಾಡಿದರು: ನಿದ್ದೆಗೆ ತಾಸಿಗೆ 83 ರೂಪಾಯಿ ಚಿಲ್ಲರೆ. "ಚಲೋ ಐತಿ" ಎಂದು ಸರ್ಟಿಫಿಕೇಟು ಕೊಟ್ಟು ಡೊಂಬಿವಲಿಗೆ ಹೋಗಿ ಮಂಟಪದ ಜಮಖಾನೆಯ ಮೇಲೆ ಹತ್ತು ಜನರ ನಡುವೆ ಗೊರಕೆ ಹೊಡೆದರು. ಅಕ್ಕಪಕ್ಕದವರು ಹೇಳಿದ ಪ್ರಕಾರ, ಕಾಕಾ ಆ ಕ್ಯಾಪ್ಸೂಲಿನಲ್ಲಿ ಮಲಗದ್ದರಿಂದ ಉಳಿದ 47 ಕ್ಯಾಪ್ಸೂಲಿನವರು ಪುಣ್ಯವಂತರು.

ಕಾಕಾಗೆ ರೂಮು ನೋಡುವ ಈ ಗೀಳು ಎಲ್ಲಿಂದ ಹತ್ತಿತು ಎಂಬುದು ಕಾಕು ಒಮ್ಮೆ ಹೇಳಿದ ಮೇಲೆ ತಿಳಿಯಿತು. ನಮ್ಮ ಕಡೆಯವರಿಗೆ ದೊಡ್ಡ ಜಡ್ಡು ಬಂದರೆ ಮಿರಜಿಗೆ ಹೋಗುವುದು ತಲೆಮಾರುಗಳ ವಾಡಿಕೆ. ಕಾಕಾ ತಮ್ಮ ಅವ್ವನನ್ನು ಕರೆದುಕೊಂಡು ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ ಮಿರಜಿಗೆ ಹೋದರು. ಅವಸರದಲ್ಲಿ, ನೋಡದೆ, ದವಾಖಾನೆಯ ಎದುರಿಗೆ ಒಂದು ರೂಮು ಹಿಡಿದರು. ಅದು ಮೂರನೆಯ ಮಾಳಿಗೆಯಲ್ಲಿತ್ತು. ಅವ್ವನಿಗೆ ಹತ್ತಲು ಆಗಲಿಲ್ಲ. ಕೊಟ್ಟ ರೊಕ್ಕ ವಾಪಸು ಬರಲಿಲ್ಲ. ತಾಯಿ ಮಗ ಇಬ್ಬರೂ ದವಾಖಾನೆಯ ಪಡಸಾಲೆಯ ಫರಸಿಯ ಮೇಲೆ ಒಂದೇ ಚಾದರದಲ್ಲಿ ಮಲಗಿದರು. ಅವ್ವ ಆಮೇಲೆ ಹೆಚ್ಚು ದಿನ ಇರಲಿಲ್ಲ. ಈಗ ಚೀಲದಲ್ಲಿರುವುದು ಅದೇ ಚಾದರ. ಕೈಕಾಲು ಸೋತವರನ್ನು ಕರೆದುಕೊಂಡು ಗೊತ್ತಿಲ್ಲದ ಊರಿಗೆ ಹೋದವರಿಗೆ ಮಾತ್ರ ಒಂದು ನೆಲಮಹಡಿಯ ರೂಮಿನ, ಹಿಡಿದು ಏಳಲು ಗಟ್ಟಿಯಾದ ಒಂದು ನಲ್ಲಿಯ ಬೆಲೆ ಗೊತ್ತು. ಉಳಿದವರು ಆ್ಯಪಿನಲ್ಲಿ ಚುಕ್ಕೆ ಎಣಿಸಿ ಹಾಸಿಗೆ ಆರಿಸುತ್ತೇವೆ, ನಮಗಾಗಿ ಮೆಟ್ಟಿಲು ಹತ್ತಿ ಇಳಿದವರ ಮೊಣಕಾಲನ್ನು ಎಣಿಸುವುದಿಲ್ಲ.

ಹೀಗೆ ಬರೆದದ್ದನ್ನು ಓದಿ ಹೇಳಿದರೆ ಕಾಕಾ, "ಅದೆಲ್ಲಾ ಇರಲಿ, ಹುಡುಗಾಗ ಕೆಳಗಿನ ಸಾಲ ಹಿಡಿಯಂತ ಹೇಳಿದೇನ?" ಎಂದು ಕೇಳಿದರು.

ಹುಡುಗ ಅಷ್ಟರಲ್ಲಿ ಓಸಾಕಾಕ್ಕೆ ಹೋಗಿ, ಸ್ಟೇಶನ್ನಿನ ಹತ್ತಿರದ ಒಂದು ಕ್ಯಾಪ್ಸೂಲಿನಲ್ಲಿ ನೆಟ್ಟಗೆ ನಿದ್ದೆ ಹೊಡೆದು, ಟೋಕಿಯೋಗೆ ಮರಳಿಯೂ ಆಗಿತ್ತು. ಕಳಿಸಿದ ಫೋಟೋವನ್ನು ಕಾಕಾ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ, ಕಿಟಕಿ ಎಲ್ಲಿದೆ ಎಂದು ಹುಡುಕುತ್ತಿದ್ದಾರೆ.

ನಿಮ್ಮ ಮನೆಯಿಂದ ಯಾರಾದರೂ ಜಪಾನಿಗೆ ಹೊರಟಿದ್ದರೆ ಬುಕ್ ಮಾಡುವ ಮೊದಲು ಕೆಲವು ಸಂಗತಿ ವಿಚಾರಿಸಿಕೊಳ್ಳಿ. ಸ್ಟೇಶನ್ನಿನಿಂದ ನಡೆಯುವ ದೂರ ಎಷ್ಟು, ದೊಡ್ಡ ಸೂಟ್‌ಕೇಸು ಇಟ್ಟುಕೊಳ್ಳುತ್ತಾರೋ, ಹಗಲು ಹೊರಗೆ ಹೋಗಬೇಕೋ, ಹೆಂಗಸರಿಗೆ ಬೇರೆ ಮಹಡಿ ಇದೆಯೋ, ಏಕೆಂದರೆ ಗಂಡಸರಿಗೆ ಮಾತ್ರ ಜಾಗ ಕೊಡುವ ಕಡೆಗಳೂ ಇವೆ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಕೌಂಟರಿನಲ್ಲಿ ಕೇಳುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಮನೆಯ ಕಾಕಾಗೂ ತಪ್ಪದೆ ತಿಳಿಸಿ, ಆದರೆ ದುಡ್ಡು ಕಟ್ಟಿ ರಸೀದಿ ಬಂದ ಮೇಲೆ.