ಕಪೆರ್ನೌಮಿನಲ್ಲಿ ಛಾವಣಿ ಕಿತ್ತವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಹೆಸರಿಲ್ಲದೆ ಬಂದುಹೋಗುವ ನಾಲ್ವರು,
ಕಪೆರ್ನೌಮ್, ಗಲಿಲಾಯ.

ಕರ್ತನಲ್ಲಿ ಪ್ರಿಯ ಸಹೋದರರೇ,

ನಮ್ಮ ಸಭೆಯ ಯೌವನಸ್ಥರ ಸಂಘದ ಪರವಾಗಿ ವಂದನೆಗಳು. ನಿಮ್ಮ ಮೇಲೆ ನಮಗೆ ಅಪಾರ ಗೌರವವಿದೆ. ಕಳೆದ ಯುವಜನರ ಭಾನುವಾರ ನಾವು ಆಡಿದ ಕಿರುನಾಟಕವೂ ನಿಮ್ಮದೇ ಕಥೆ. ಥರ್ಮೋಕೋಲಿನ ಛಾವಣಿ ಕಟ್ಟಿ, ಅದಕ್ಕೆ ತೂತು ಕೊರೆದು, ಹಾಸಿಗೆಯನ್ನು ನೈಲಾನ್ ಹಗ್ಗದಲ್ಲಿ ಇಳಿಸಿದೆವು. ಪಾರ್ಶ್ವವಾಯು ರೋಗಿಯ ಪಾತ್ರವನ್ನು ನಮ್ಮ ಫುಟ್ಬಾಲ್ ತಂಡದ ಗೋಲ್‌ಕೀಪರಿಗೆ ಕೊಟ್ಟಿದ್ದೆವು. ಕೊನೆಯಲ್ಲಿ ಜಿಗಿದೆದ್ದು ಹಾಸಿಗೆ ಸುತ್ತಿಕೊಂಡು ಓಡಬಲ್ಲವನೇ ಬೇಕಲ್ಲ. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಸಂಘದಲ್ಲಿ ವೀಲ್‌ಚೇರಿನ ಹುಡುಗನೊಬ್ಬನಿದ್ದಾನೆ. ಅವನೂ ಮೆಟ್ಟಿಲ ಬುಡದಲ್ಲಿ ಕೂತು, ಹೊರಗಿನ ಲೌಡ್‌ಸ್ಪೀಕರಿನಲ್ಲೇ ನಾಟಕ ಕೇಳಿ ಚಪ್ಪಾಳೆ ತಟ್ಟಿದನಂತೆ.

ಆದರೆ ಮೆಚ್ಚುಗೆ ಬೇರೆ, ಆಡಳಿತ ಬೇರೆ. ಇತ್ತೀಚೆಗೆ ನಮ್ಮ ಕೆಲವು ಹುಡುಗ ಹುಡುಗಿಯರು ಮಾತು ಮಾತಿಗೂ ನಿಮ್ಮ ಉದಾಹರಣೆ ಎತ್ತಿ ಕಮಿಟಿಯ ಬಾಯಿ ಮುಚ್ಚಿಸುತ್ತಿದ್ದಾರೆ. ಹಾಗಾಗಿ ನಿಮ್ಮಿಂದ ಕೆಲವು ವಿವರಣೆ ಕೇಳಲೇಬೇಕಾಗಿದೆ.

ಮೊದಲನೆಯದಾಗಿ, ಛಾವಣಿ ಕೀಳಲು ನಿಮಗೆ ಅನುಮತಿ ಕೊಟ್ಟವರು ಯಾರು? ನೀವು ಅಗೆದು ತೂತು ಮಾಡಿದಿರಿ ಎಂದು ಮಾರ್ಕ ಬರೆದಿದ್ದಾನೆ, ಹಂಚು ತೆಗೆದಿರಿ ಎಂದು ಲೂಕ ಬರೆದಿದ್ದಾನೆ. ಮನೆ ಯಜಮಾನನಿಗೆ ನಷ್ಟ ತುಂಬಿಕೊಟ್ಟ ವಿಷಯವನ್ನು ಇಬ್ಬರೂ ಬರೆದಿಲ್ಲ. ಹಂಚು ಎಂದರೆ ನಮಗೆ ತಕ್ಷಣ ಅರ್ಥವಾಗುತ್ತದೆ, ನಾವು ಮಂಗಳೂರಿನ ಕಡೆಯವರು. ಬಾಸೆಲ್ ಮಿಷನ್ನಿನವರು ಇಲ್ಲಿ 1865ರಲ್ಲೇ ಹಂಚಿನ ಕಾರ್ಖಾನೆ ಹಾಕಿದರು. ನಮ್ಮ ಹಳೆಯ ದೇವಾಲಯಕ್ಕೂ ಅದೇ ಹಂಚಿನ ಮಾಡು ಇತ್ತು. ಮಳೆಗಾಲಕ್ಕೆ ಮುಂಚೆ ಒಬ್ಬ ಹತ್ತಿ, ಒಡೆದದ್ದನ್ನು ಎಬ್ಬಿಸಿ, ಹೊಸದನ್ನು ಸಿಕ್ಕಿಸಿ ಇಳಿಯುತ್ತಿದ್ದ. ನೀವು ಆಗ ಬಂದಿದ್ದರೆ ಕೆಲಸ ಸಲೀಸಾಗಿ ಆಗುತ್ತಿತ್ತು. ಈಗ ಮೇಲೆ ಆರ್‌ಸಿಸಿ ಸ್ಲ್ಯಾಬ್, ಅದರ ಕೆಳಗೆ ಫಾಲ್ಸ್ ಸೀಲಿಂಗ್, ಅದರೊಳಗೆ ಎಸಿ ಪೈಪು, ಪೈಪಿನ ದಾನಿಗಳ ಹೆಸರಿಗೆ ಗೋಡೆಯಲ್ಲಿ ಗ್ರಾನೈಟ್ ಕಲ್ಲು. ದೇವರ ದಯೆಯಿಂದ ಇನ್ನು ಯಾರೂ ಯಾರನ್ನೂ ಮೇಲಿಂದ ಇಳಿಸುವಂತಿಲ್ಲ.

ಕೆಳಗಿನಿಂದ ಹತ್ತಿಸಬಹುದಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ರ‍್ಯಾಂಪ್ ಇಲ್ಲ ಎನ್ನುವುದು ಶುದ್ಧ ಅಪಪ್ರಚಾರ. ಇದೆ, ಹಿಂಬಾಗಿಲಲ್ಲಿದೆ. ಶವಪೆಟ್ಟಿಗೆಯ ಗಾಡಿಗೆಂದು ಮಾಡಿಸಿದ್ದು. ಚಕ್ರದ ಮೇಲೆ ಬರುವವರಿಗೆ ನಮ್ಮ ದೇವಾಲಯದಲ್ಲಿ ಪೂರ್ಣ ಸ್ವಾಗತವಿದೆ, ಸ್ವಲ್ಪ ಕಾಯಬೇಕು ಅಷ್ಟೆ. ವೀಲ್‌ಚೇರಿನ ಆ ಹುಡುಗ ಜೀವಂತ ಇರುವಾಗಲೇ ಅದರ ಮೇಲೆ ಹೋಗಿ ನೋಡಿದ. ಅರ್ಧಕ್ಕೆ ಗಾಡಿ ಹಿಂದಕ್ಕೆ ಜಾರಿತು. ಶವಪೆಟ್ಟಿಗೆಯನ್ನು ಆರು ಜನ ತಳ್ಳುತ್ತಾರೆ, ಒಳಗಿರುವವರು ಹೆದರುವುದೂ ಇಲ್ಲ.

ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾಗಿರಬಾರದು ಎಂಬುದು ರ‍್ಯಾಂಪಿನ ಲೆಕ್ಕ. ನಮ್ಮ ಮುಂಬಾಗಿಲ ಮೆಟ್ಟಿಲು ಆರು, ಒಟ್ಟು ಎತ್ತರ ಮೂರು ಅಡಿ. ಅಂದರೆ 36 ಅಡಿ ರ‍್ಯಾಂಪು. ಅದನ್ನು ಕಟ್ಟಿದರೆ ಕಮಿಟಿಯ ಹಿರಿಯರ ಕಾರು ನಿಲ್ಲುವ ಜಾಗ ಹೋಗುತ್ತದೆ. ಆ ಹಿರಿಯರು ಗೇಟಿನಿಂದ ಬಾಗಿಲವರೆಗೆ ನಡೆಯಬೇಕಾಗುತ್ತದೆ. ಮಂಡಿನೋವಿನವರು, ಅವರ ಕಷ್ಟವನ್ನೂ ನೋಡಬೇಕಲ್ಲ.

ಈ ಚರ್ಚೆ ಪಾಸ್ಟರೇಟ್ ಕಮಿಟಿಗೂ ಹೋಯಿತು. ಮಗ ಅಮೆರಿಕದಲ್ಲಿರುವ ಹಿರಿಯರೊಬ್ಬರು ಮೊಬೈಲ್ ತೆಗೆದು, ಅಲ್ಲಿಯ 1990ರ ಅಂಗವಿಕಲರ ಕಾನೂನು ಚರ್ಚುಗಳನ್ನು ಹೊರಗಿಟ್ಟಿದೆ ಎಂದು ಓದಿ ಹೇಳಿದರು. ಅದು ನಿಜವೂ ಹೌದು. ಎಲ್ಲರಿಗೂ ಎದೆ ತಂಪಾಯಿತು. ಆ ಹುಡುಗ ಮಾತ್ರ ಫೋನಿನಲ್ಲಿ (ಕಮಿಟಿ ಸೇರುವುದು ಮೊದಲ ಮಹಡಿಯಲ್ಲಿ), ಅಂಕಲ್, ನಮ್ಮದು ಭಾರತ ಅಲ್ವಾ ಎಂದ. ಇಲ್ಲಿಯ 2016ರ ಕಾನೂನಿನಲ್ಲಿ ಸಾರ್ವಜನಿಕ ಕಟ್ಟಡ ಎಂದರೆ ಖಾಸಗಿಯವರದೂ ಸೇರುತ್ತದಂತೆ, ಧಾರ್ಮಿಕ ಕೆಲಸಕ್ಕೆ ಬಳಸುವುದೂ ಸೇರುತ್ತದಂತೆ. ಇದ್ದ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟದ್ದು ಐದು ವರ್ಷ. ನಿಯಮ ಬಂದದ್ದು 2017ರ ಜೂನಿನಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಆ ಐದು ವರ್ಷದಲ್ಲಿ ನಾವು ಸುಮ್ಮನೆ ಕೂತಿರಲಿಲ್ಲ. ಗಂಟೆಗೋಪುರಕ್ಕೆ ಎಲ್‌ಇಡಿ ಶಿಲುಬೆ ಹಾಕಿಸಿದೆವು.

ಆಗ ನಮ್ಮ ಸಂಘದ ಅಧ್ಯಕ್ಷರು ಯಾರಿಂದಲೂ ಉತ್ತರ ಕೊಡಲಾಗದ ಪ್ರಶ್ನೆ ಕೇಳಿದರು: “ಅಂಥವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಬರುವುದೇ ಇಲ್ಲವಲ್ಲ!” 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು 13 ಲಕ್ಷಕ್ಕೂ ಹೆಚ್ಚು. ಅಷ್ಟು ಜನರಲ್ಲಿ ಮೆಟ್ಟಿಲ ಬುಡದ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ನಮ್ಮ ಸಭೆಯ ಗಡಿಯಾಚೆ ಹುಟ್ಟಿರುವುದು ಒಂದು ಸೋಜಿಗವೇ. ನಮ್ಮ ಸಭೆಯ ಮನೆಗಳಲ್ಲಿ ಭಾನುವಾರ ಬೆಳಗ್ಗೆ ಕೋಣೆಯ ಬಾಗಿಲು ಎಳೆದುಕೊಂಡು, ಅಪ್ಪನನ್ನೋ ಅಮ್ಮನನ್ನೋ ಕಾವಲಿಗೆ ಬಿಟ್ಟು ಬರುವ ಕುಟುಂಬಗಳ ವಿಷಯ ಜನಗಣತಿಯವರ ಕೆಲಸ, ನಮ್ಮದಲ್ಲ.

ಹಾಗೆಂದು ಅವರ ಮೇಲೆ ನಮಗೆ ಕಾಳಜಿ ಇಲ್ಲ ಎಂದು ತಿಳಿಯಬೇಡಿ. ಪ್ರತಿ ಡಿಸೆಂಬರ್ 3ರಂದು, ವಿಶ್ವ ಅಂಗವಿಕಲರ ದಿನದ ಪ್ರಯುಕ್ತ, ಮೆಟ್ಟಿಲ ಬುಡಕ್ಕೇ ಇಳಿದು ಬಂದು ಶಾಲು ಹೊದಿಸಿ, ಹಣ್ಣು ಕೊಟ್ಟು, ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಹುಡುಗನ ಬಳಿ ಈಗ ದೇವಾಲಯದ ಬೆಂಚುಗಳಿಗೆ ಹೊದಿಸುವಷ್ಟು ಶಾಲುಗಳಿವೆ. ಸಹಭೋಜನವಿದ್ದ ದಿನ ಅವನ ಬಿರಿಯಾನಿಯನ್ನು ಮರೆಯದೆ ಪಾರ್ಸೆಲ್ ಕಳಿಸುತ್ತೇವೆ. ಎರಡೂ ಕಾಲು ಕುಂಟಾಗಿದ್ದ ಮೆಫೀಬೋಶೆತನನ್ನು ದಾವೀದರಾಜ ಪ್ರತಿದಿನ ತನ್ನ ಪಂಕ್ತಿಯಲ್ಲೇ ಕೂರಿಸಿಕೊಂಡನಂತೆ. ಆಗ ಪಾರ್ಸೆಲ್ ಡಬ್ಬಿಗಳು ಇರಲಿಲ್ಲವೆಂದು ಕಾಣುತ್ತದೆ.

ಪ್ರಾರ್ಥನೆಯಲ್ಲಂತೂ ನಾವು ಹಿಂದೆ ಬಿದ್ದವರೇ ಅಲ್ಲ. ಹೊರಗಿನಿಂದ ಯಾವ ಸುವಾರ್ತಿಕರು ಬಂದರೂ ನೇರ ವೀಲ್‌ಚೇರಿನ ಕಡೆಗೇ ಕೈ ಚಾಚುತ್ತಾರೆ. ಒಮ್ಮೆ ಒಬ್ಬರು ಅವನ ತಲೆಯ ಮೇಲೆ ಎರಡೂ ಕೈ ಒತ್ತಿ ಹತ್ತು ನಿಮಿಷ ಗಟ್ಟಿಯಾಗಿ ಬೇಡಿಕೊಂಡರು. ಅವನು ಆಮೇಲೆ, ಅಯ್ಯನವರೇ, ನನಗೆ ಕುತ್ತಿಗೆ ನೋವು, ಅದಕ್ಕೇನಾದರೂ ಪ್ರಾರ್ಥಿಸಬಹುದಾ ಎಂದ. ಅವಿಶ್ವಾಸ ಎಂದರೆ ಇದೇ. ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದಾಗ, ನಿನಗೇನು ಮಾಡಬೇಕು ಎಂದು ಸ್ವತಃ ಯೇಸುಸ್ವಾಮಿ ಕೇಳಿದ್ದರು, ಕಣ್ಣಿಗೆ ಕಾಣುವಂತಿದ್ದರೂ ಕೇಳಿದ್ದರು. ಸಮಯ ಉಳಿಸಲೆಂದು ನಾವು ಆ ಒಂದು ಪ್ರಶ್ನೆಯನ್ನು ಕೈಬಿಟ್ಟಿದ್ದೇವೆ.

ಇನ್ನು ನಮ್ಮ ಕಾರ್ಯಕ್ರಮಗಳು. ಈ ವರ್ಷದ ರಿಟ್ರೀಟಿನ ಮುಖ್ಯ ವಿಷಯ “ಒಂದೇ ದೇಹ, ಅನೇಕ ಅಂಗಗಳು”. ಸ್ಥಳ, ಮುಳ್ಳಯ್ಯನಗಿರಿ ಚಾರಣ. ದೇಹದ ಎಲ್ಲ ಅಂಗಗಳೂ ಬಂದವು, ಕೆಲವು ಬರಲಿಲ್ಲ. ಆರಾಧನೆಗೆ ನಾವು ಹೊಸ ಡ್ರಮ್ ಸೆಟ್, ಬಣ್ಣದ ದೀಪ, ಹೊಗೆ ಯಂತ್ರ ತರಿಸಿದ್ದೇವೆ. ಆಟಿಸಂ ಇರುವ ಹುಡುಗನೊಬ್ಬ ಮೊದಲ ಭಾನುವಾರ ಕಿವಿ ಮುಚ್ಚಿಕೊಂಡು ಕಿರುಚಿದ. ಅವನ ತಾಯಿ, ಡ್ರಮ್ ಸ್ವಲ್ಪ ಕಡಿಮೆ ಮಾಡಬಹುದಾ, ಇಲ್ಲ ಅವನು ಎದ್ದು ಹೋಗಿ ಬರಲು ಪಕ್ಕದ ಕೋಣೆ ತೆಗೆದಿಡಬಹುದಾ ಎಂದು ಕೇಳಿದರು. ಆ ಕೋಣೆಯಲ್ಲಿ ಕ್ರಿಸ್‌ಮಸ್ ಗೋದಲಿಯ ಸಾಮಾನು ಇದೆ. ಛತ್ರದಲ್ಲಿ ಜಾಗ ಸಿಗದೆ ಕೊಟ್ಟಿಗೆಗೆ ಹೋದವರ ಬೊಂಬೆಗಳನ್ನು ಕಾಪಾಡಬೇಕಾದ್ದರಿಂದ ಜಾಗ ಕೊಡಲಾಗಲಿಲ್ಲ. ಆ ತಾಯಿ ಮತ್ತೆ ಬಂದಿಲ್ಲ.

ಕಿವಿ ಕೇಳದ ಅಕ್ಕತಮ್ಮಂದಿರು ಬಂದಿದ್ದಾಗ ನಮ್ಮ ಹುಡುಗಿಯರು ಭಾನುವಾರ ಶಾಲೆಯ ಆ್ಯಕ್ಷನ್ ಸಾಂಗ್ ಮಾಡಿ ತೋರಿಸಿದರು, ಕೈಬೀಸಿ, ನಕ್ಷತ್ರ ಮಿನುಗಿಸಿ. ಅವರಿಬ್ಬರೂ ತಮ್ಮೊಳಗೆ ಕೈಭಾಷೆಯಲ್ಲಿ ಏನೋ ಹೇಳಿಕೊಂಡು ನಕ್ಕರು. ನಮ್ಮ ಬಗ್ಗೆ ಒಳ್ಳೆಯದೇ ಹೇಳಿರಬೇಕು. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ, ದೆಹಲಿಯಲ್ಲಿ ಅದಕ್ಕೆ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ, ಅದನ್ನು ಬೇರೆ ಭಾಷೆಯಂತೆಯೇ ಕಲಿಯಬೇಕು ಎಂದು ಯಾರೋ ಹೇಳಿದರು. ಕಲಿಯಲು ಕೈಯೆತ್ತಿದ್ದು ಹತ್ತನೇ ಕ್ಲಾಸಿನ ಒಬ್ಬಳು. ಪರೀಕ್ಷೆ ಇದೆ, ಮೊದಲು ಅದನ್ನು ನೋಡು ಎಂದೆವು.

ಕಣ್ಣು ಕಾಣದ ಹುಡುಗಿಯೊಬ್ಬಳದು ಇನ್ನೊಂದು ತಕರಾರು. ಅವಳ ಮೊಬೈಲು ಬರೆದದ್ದನ್ನು ಓದಿ ಹೇಳುತ್ತದೆ. ಆದರೆ ನಾವು ವಾಟ್ಸಾಪಿನಲ್ಲಿ ಕಳಿಸುವ ಪ್ರಕಟಣೆಗಳೆಲ್ಲ ಚಿತ್ರ: ನೇರಳೆ ಮೋಡದ ಮೇಲೆ ಹಳದಿ ಅಕ್ಷರ, ಮೂಲೆಯಲ್ಲಿ ಪಾರಿವಾಳ. ಮೊಬೈಲು ಅವಳಿಗೆ “ಚಿತ್ರ” ಎಂದಷ್ಟೇ ಹೇಳಿ ಸುಮ್ಮನಾಗುತ್ತದಂತೆ. ಸಭಾ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಓದಿಸೋಣವೆಂದರೆ ಅದನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡುತ್ತೇವೆ. ಯೂನಿಕೋಡ್ ಅಲ್ಲದ ಆ ಕನ್ನಡ ಯಂತ್ರದ ಬಾಯಲ್ಲಿ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಕಲಸುಮೇಲೋಗರವಾಗಿ ಹೊರಬರುತ್ತದೆ. ಕಳೆದ ಸಂಚಿಕೆಯ ಸಂಪಾದಕೀಯವನ್ನು ಅವಳು ನಮಗೆ ಕೇಳಿಸಿದಳು. ನಮ್ಮ ಖಜಾಂಚಿ, ಇದು ಅನ್ಯಭಾಷೆಯ ವರ, ಅರ್ಥ ಹೇಳುವವರು ಬೇಕು ಎಂದರು. ಹಾಡಿನ ಸಾಲುಗಳನ್ನು ಯೂನಿಕೋಡಿನಲ್ಲಿ ಟೈಪು ಮಾಡಿ ಶನಿವಾರ ರಾತ್ರಿಯೇ ಕಳಿಸಿದರೆ ಸಾಕು, ಕಾಸೂ ಖರ್ಚಿಲ್ಲ ಎಂದಳು ಹುಡುಗಿ. ಕಾಸು ಖರ್ಚಿಲ್ಲದ ಕೆಲಸಕ್ಕೆ ಉಪಸಮಿತಿ ಮಾಡುವುದು ಹೇಗೆಂದು ಗೊತ್ತಾಗದೆ ವಿಷಯ ಮುಂದಕ್ಕೆ ಹೋಗಿದೆ. ಅವಳಿಗೆ ಒಳ್ಳೆಯ ಕಂಠವಿದೆ. ಕೊಯರಿಗೆ ಸೇರಿಸಿಕೊಳ್ಳಬಹುದಿತ್ತು, ಆದರೆ ಗೀತೆಗಳೆಲ್ಲ ಬಾಯಿಪಾಠವಿರುವ ಅವಳು ಪುಸ್ತಕ ಹಿಡಿಯದೆ ನಿಂತರೆ ಸಾಲು ಕೆಟ್ಟು ಕಾಣುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವೀಲ್‌ಚೇರಿನ ಆ ಹುಡುಗ ಬಿ.ಕಾಂ. ಓದಿ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಜಿಎಸ್‌ಟಿ ಫೈಲಿಂಗ್ ಮಾಡುತ್ತಾನೆ. ಯುವಜನರ ಭಾನುವಾರ ಸಾಕ್ಷಿ ಹೇಳು ಎಂದು ಎಷ್ಟು ಕೇಳಿದೆವು! ಅಳು ಬರುವಂತಹ ಒಂದು ಕಥೆ, ಕೊನೆಗೊಂದು ಹಾಡು. ಅವನು ಒಪ್ಪಲಿಲ್ಲ. ನನ್ನ ಕಥೆಯಲ್ಲಿ ಅಳುವಂಥದ್ದೇನೂ ಇಲ್ಲ, ನಿಮ್ಮ ಮೆಟ್ಟಿಲ ಕಥೆ ಬೇಕಾದರೆ ಹೇಳುತ್ತೇನೆ ಎಂದ. ಅದರ ಬದಲು, ಈ ಸಲ ಸಂಘದ ಚುನಾವಣೆಯಲ್ಲಿ ಖಜಾಂಚಿ ಸ್ಥಾನಕ್ಕೆ ನಿಲ್ಲುತ್ತಾನಂತೆ.

ಸಹೋದರರೇ, ಇಂಥ ಪರಿಸ್ಥಿತಿ ನಿಮಗೆ ಬಂದಿತ್ತೇ? ನಿಮ್ಮ ಹಾಸಿಗೆಯ ಮೇಲಿದ್ದವನನ್ನು ನಾನು ಮಾರ್ಕನ ಸುವಾರ್ತೆಯಲ್ಲಿ ಮತ್ತೆ ಮತ್ತೆ ಹುಡುಕಿದೆ. ಅವನು ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲ. ಮೇಲಕ್ಕೆ ಹೊತ್ತಾಗಲೂ ಇಲ್ಲ, ಹಗ್ಗದಲ್ಲಿ ತೂಗಾಡುವಾಗಲೂ ಇಲ್ಲ, ಎದ್ದು ನಡೆದ ಮೇಲೂ ಇಲ್ಲ. ಸ್ವಾಮಿಯವರು ಮೆಚ್ಚಿದ್ದು ನಿಮ್ಮೆಲ್ಲರ ನಂಬಿಕೆಯನ್ನು, ಪ್ರಸಂಗ ಮಾಡುವವರು ಹೊಗಳುವುದು ನಿಮ್ಮ ನಾಲ್ವರ ತೋಳನ್ನು. ನಮಗೆ ಬೇಕಾಗಿರುವುದೂ ಇಂಥ ಶಾಂತಸ್ವಭಾವದ ಐದನೆಯವನೇ. ನಮ್ಮವನು ಹಾಗಲ್ಲ. ಸುಗ್ಗಿ ಹಬ್ಬದ ಹರಾಜಿನಲ್ಲಿ ಹಲಸಿನಹಣ್ಣೊಂದು ಎಷ್ಟಕ್ಕೆ ಹೋಯಿತು, ಆ ದುಡ್ಡು ಯಾವ ಪುಟದಲ್ಲಿ ಜಮೆಯಾಯಿತು ಎಂದು ಕೇಳುತ್ತಾನೆ. ಎತ್ತಿ ಒಳಗೆ ತರುತ್ತೇವೆ ಬಾ ಎಂದು ನಾಲ್ವರು ಗಟ್ಟಿಮುಟ್ಟಾದ ಹುಡುಗರು ಹೋದರೆ, ಎತ್ತಬೇಡಿ, ಗಾಡಿಯ ಹ್ಯಾಂಡಲ್ ಮುರಿಯುತ್ತದೆ, ನನ್ನನ್ನು ಮೂಟೆ ಮಾಡಬೇಡಿ, ಸಭೆಯನ್ನು ಕೆಳಗೆ ಮಾಡಿ ಎನ್ನುತ್ತಾನೆ. ನಿಮ್ಮ ಹೆಸರು ಹೇಳಿ ನೋಡಿದೆವು. ಅವರು ಹೊತ್ತದ್ದು ಒಂದು ದಿನ, ಅದೂ ಬೇರೆ ದಾರಿಯೇ ಇಲ್ಲದೆ, ನೀವು ವಾರವಾರ ಹೊರುತ್ತೀರಾ ಎಂದು ಕೇಳಿದ. ಮಳೆಗಾಲದಲ್ಲಿ ಸಹ?

ಆದ್ದರಿಂದ ನಮ್ಮ ಸಂಘದ ಕೋರಿಕೆ ಇಷ್ಟೇ. ನಿಮ್ಮ ಕಡೆಯಿಂದ ಒಂದು ಪತ್ರ ಬೇಕು. ಛಾವಣಿ ಕಿತ್ತದ್ದು ಆ ಒಂದು ಸಂದರ್ಭಕ್ಕೆ ಮಾತ್ರ, ಅದನ್ನು ಯಾವ ಸಭೆಯೂ ಪೂರ್ವನಿದರ್ಶನ ಮಾಡಿಕೊಳ್ಳಬಾರದು ಎಂದು ಬರೆದು, ನಾಲ್ವರೂ ಸಹಿ ಹಾಕಿ ಕಳಿಸಿ. ಸಾಧ್ಯವಾದರೆ ಮನೆ ಯಜಮಾನನ ಆಕ್ಷೇಪಣೆಯನ್ನೂ ಲಗತ್ತಿಸಿ. ಸ್ವಲ್ಪ ತುರ್ತಾಗಿ ಬೇಕು. ನಾಮಪತ್ರವನ್ನು ಖುದ್ದಾಗಿ ಮೊದಲ ಮಹಡಿಯ ಕಚೇರಿಗೆ ತಲುಪಿಸಬೇಕೆಂದು ಬೈಲಾದಲ್ಲಿದೆ, ಅದರ ಮೇಲೆಯೇ ನಾವು ಭರವಸೆ ಇಟ್ಟಿದ್ದೆವು. ಅವನು ಬೈಲಾ ಪೂರ್ತಿ ಓದಿದ್ದಾನೆ. ಸಂಘದ ಎಲ್ಲ ಸಭೆ, ಚುನಾವಣೆಗಳನ್ನು ಎಲ್ಲ ಸದಸ್ಯರಿಗೂ ತಲುಪಲು ಆಗುವ ಜಾಗದಲ್ಲಿ ನಡೆಸತಕ್ಕದ್ದು ಎಂಬ ಸಾಲೊಂದು ಅದರ ಎರಡನೇ ಪುಟದಲ್ಲೇ ಇದೆಯಂತೆ. ಬರೆದವರು ನಮ್ಮ ಹಿಂದಿನವರು, ಹಂಚಿನ ಮಾಡಿನ ಕಾಲದವರು. ಆ ಪುಟವನ್ನು ಕಣ್ಣು ಕಾಣದ ಹುಡುಗಿ ಯೂನಿಕೋಡಿನಲ್ಲಿ ಟೈಪು ಮಾಡಿ ಎಲ್ಲ ಸದಸ್ಯರ ಮೊಬೈಲಿಗೂ ಕಳಿಸಿದ್ದಾಳೆ. ಅವನ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದವನು ನಮ್ಮ ಗೋಲ್‌ಕೀಪರ್.

ಚುನಾವಣೆ ಬರುವ ಭಾನುವಾರ, ಎರಡನೇ ಆರಾಧನೆಯ ನಂತರ, ಕಾರು ನಿಲ್ಲಿಸುವ ಜಾಗದಲ್ಲಿ. ಹಿರಿಯರು ತಮ್ಮ ವಾಹನಗಳನ್ನು ಹೊರಗೆ ನಿಲ್ಲಿಸಬೇಕಾಗಿ ವಿನಂತಿ.

ಇಂತಿ ಕರ್ತನ ಸೇವೆಯಲ್ಲಿ,
ಜಂಟಿ ಕಾರ್ಯದರ್ಶಿ,
ಯೌವನಸ್ಥರ ಸಂಘ