ಬೇಕರಿ ಮೇಲಿನ ಬಿ.ಟೆಕ್.

(ಬೇಕರಿಯ ಮೇಲ್ಮಹಡಿ. ‘ಸ್ಟಡಿ ಸೆಂಟರ್’ ಬೋರ್ಡು. ಒಳಗೆ ಒಂದು ಮೇಜು, ಎರಡು ಕುರ್ಚಿ, ಕಾರ್ಡ್ ಉಜ್ಜುವ ಮಷಿನ್ನು. ಪುಸ್ತಕ ಕಾಣುವುದಿಲ್ಲ.)

ಗೌಡರು: ಸಾರ್, ಮಗನಿಗೆ ದೂರಶಿಕ್ಷಣದಲ್ಲಿ ಬಿ.ಟೆಕ್. ಮಾಡಿಸ್ಬೇಕಿತ್ತು. ಆದ್ರೆ ಅದಕ್ಕೆ ಯುಜಿಸಿ ಒಪ್ಪಲ್ವಂತೆ?

ಮ್ಯಾನೇಜರ್: ಅದಕ್ಕೇ ನಾವು ಅವರನ್ನ ಕೇಳೋಕೇ ಹೋಗಿಲ್ಲ ಗೌಡ್ರೇ.

ಗೌಡರು: ಯೂನಿವರ್ಸಿಟಿಗೆ ಗುಣಮಟ್ಟ ಅಳೆಯೋ ನ್ಯಾಕ್‌ನಲ್ಲಿ ನಾಲ್ಕಕ್ಕೆ 3.01 ಬರ್ಬೇಕು, ಇಲ್ಲಾ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪಟ್ಟಿಯಲ್ಲಿ ನೂರರೊಳಗೆ ಇರ್ಬೇಕು ಅಂತಾರೆ. ನಿಮ್ಮದೆಷ್ಟು?

ಮ್ಯಾನೇಜರ್: ಕೆಳಗಿನ ಬೇಕರಿಗೆ ಗೂಗಲ್‌ನಲ್ಲಿ 4.6 ಇದೆ. ಬಿಲ್ಡಿಂಗ್ ಒಂದೇ ಅಲ್ವಾ?

ಗೌಡರು: ಯೂನಿವರ್ಸಿಟಿ ಹೊರರಾಜ್ಯದ್ದು. ಫ್ರಾಂಚೈಸಿ ಕೊಡೋ ಹಾಗೇ ಇಲ್ವಲ್ಲ?

ಮ್ಯಾನೇಜರ್: ಛೆ ಛೆ, ಫ್ರಾಂಚೈಸಿ ಎಲ್ಲಿ ಬಂತು? ಫೀಸು ಇಸ್ಕೊಳ್ತೀವಿ, ಪರೀಕ್ಷೆ ಬರೆಸ್ತೀವಿ, ಮಾರ್ಕ್ಸ್ ಕಾರ್ಡ್ ಕೊಡ್ತೀವಿ. ಅಷ್ಟೇ.

ಗೌಡರು: ಪರೀಕ್ಷೆ ಕಷ್ಟ ಇರುತ್ತಾ?

ಮ್ಯಾನೇಜರ್: ನಮಗೆ ಕಷ್ಟವೇ. ಎಲ್ಲರ ಉತ್ತರ ಪತ್ರಿಕೆ ನಾವೇ ತುಂಬ್ಬೇಕಲ್ಲ!

ಗೌಡರು: ಮಾನ್ಯತೆ ಪತ್ರ ಇದೆಯಾ?

ಮ್ಯಾನೇಜರ್: ಅಗೋ, ಗೋಡೆ ಮೇಲೆ. ಫ್ರೇಮ್ ಹಾಕ್ಸಿದೀವಿ.

ಗೌಡರು: (ಕನ್ನಡಕ ಏರಿಸಿ) ದೂರಶಿಕ್ಷಣ ಮಂಡಳಿ... ಅದನ್ನ 2013ರಲ್ಲೇ ಮುಚ್ಚಿ ಕೆಲಸಾನ ಯುಜಿಸಿಗೆ ಒಪ್ಪಿಸಿದ್ರಲ್ಲ?

ಮ್ಯಾನೇಜರ್: ಅದೇ ನಮ್ಮ ಗ್ಯಾರಂಟಿ! ಕೊಟ್ಟೋರೇ ಇಲ್ಲ ಅಂದ್ಮೇಲೆ ವಾಪಸ್ ತಗೊಳ್ಳೋರು ಯಾರು? ಕ್ಯಾಶಾ, ಕಾರ್ಡಾ?